ಕೆಲಸ ಕೊಟ್ಟಿರಿ, ತೀರ್ಮಾನ ಕೊಟ್ಟಿರಾ?

ಉದ್ಯಮ ಬೆಳೆಯುತ್ತದೆ, ಮಾಲೀಕರ ಬಿಡುವು ಮಾತ್ರ ಕರಗುತ್ತದೆ. ಓದುಗರು ಕಳಿಸಿದ ಪ್ರಶ್ನೆಗಳ ಪೈಕಿ ಇದೇ ವಿಷಯದ ಆರಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಮುದ್ರಣಾಲಯದಲ್ಲಿ 14 ಜನರಿದ್ದಾರೆ. ಯಾರಿಗೆ ಯಾವ ಕೆಲಸ ಎಂದು ಹಂಚಿದ್ದೇನೆ. ಆದರೂ ಬೆಳಗಿನಿಂದ ರಾತ್ರಿವರೆಗೆ ‘ಸರ್, ಇದಕ್ಕೇನು ಮಾಡೋಣ?’ ನಿಲ್ಲುವುದಿಲ್ಲ. ಊಟಕ್ಕೆ ಕೂತರೂ ಫೋನ್. ಎಲ್ಲಿ ಎಡವುತ್ತಿದ್ದೇನೆ?

ನೀವು ಹಂಚಿದ್ದು ಕೈಕೆಲಸ. ತೀರ್ಮಾನವೆಲ್ಲ ನಿಮ್ಮ ಜೇಬಿನಲ್ಲೇ ಇದೆ. ಕೊಟೇಶನ್ ಬರೆಯುವವರಿಗೆ ರಿಯಾಯಿತಿ ಕೊಡುವ ಅಧಿಕಾರವೇ ಇಲ್ಲದಿದ್ದರೆ, ಗಿರಾಕಿ ಎದುರಿಗೆ ಕೂತು ಚೌಕಾಸಿ ಮಾಡುವಾಗ ಅವರು ನಿಮ್ಮ ಕಡೆ ತಿರುಗದೆ ಇನ್ನೇನು ಮಾಡಿಯಾರು?

ಮೊದಲ ಎರಡು ವಾರ ಏನನ್ನೂ ಬದಲಾಯಿಸಬೇಡಿ. ಚಿಕ್ಕದೊಂದು ನೋಟ್‌ಬುಕ್ ಇಟ್ಟುಕೊಂಡು, ಯಾರಾದರೂ ಕೇಳಲು ಬಂದಾಗಲೆಲ್ಲ ಒಂದು ಸಾಲು ಬರೆಯಿರಿ: ಯಾರು ಬಂದರು, ಏನು ಕೇಳಿದರು, ನೀವೇನು ಹೇಳಿದಿರಿ. ಸಂಜೆ ಕೂತು ನೆನಪಿನಿಂದ ಬರೆಯುತ್ತೇನೆ ಅಂದುಕೊಳ್ಳಬೇಡಿ. ಅಷ್ಟರಲ್ಲಿ ಚಿಲ್ಲರೆ ಪ್ರಶ್ನೆಗಳು ಮರೆತುಹೋಗಿರುತ್ತವೆ, ದಿನವನ್ನು ತಿನ್ನುವುದು ಅವೇ. ಆಮೇಲೆ ಒಂದೇ ತರಹದವನ್ನು ಒಟ್ಟುಮಾಡಿ. ನಿಮ್ಮ ಕಸುಬಿನಲ್ಲಿ ಇಂಥ ಗುಂಪುಗಳು ಏಳುತ್ತವೆ: ರಿಯಾಯಿತಿ, ಡೆಲಿವರಿ ದಿನ, ಅರ್ಜೆಂಟ್ ಕೆಲಸವನ್ನು ನಡುವೆ ತೂರಿಸುವುದು, ಹೇಳಿದ ಕಾಗದ ಸಿಗದಿದ್ದರೆ ಬದಲಿ, ಕೆಟ್ಟ ಕೆಲಸವನ್ನು ಮತ್ತೆ ಹೊಡೆಯುವುದು. ಪ್ರತಿ ಗುಂಪಿನಲ್ಲೂ ನೀವು ಕೊಟ್ಟ ಉತ್ತರಗಳನ್ನು ಓದಿ. ಹತ್ತರಲ್ಲಿ ಎಂಟು ಸಲ ಅದೇ ಉತ್ತರ ಕೊಟ್ಟಿದ್ದರೆ ನಿಮಗೇ ಗೊತ್ತಿಲ್ಲದಂತೆ ಅಲ್ಲೊಂದು ನಿಯಮ ಇದೆ ಎಂದಾಯಿತು. ಅದನ್ನು ಕಾಗದಕ್ಕೆ ಇಳಿಸಿ.

ಒಂದೇ ಹಾಳೆ, ಮೂರು ಕಲಂ. ಮೊದಲನೆಯದು ‘ನೀವೇ ಮಾಡಿ, ಹೇಳುವುದೂ ಬೇಡ’. ಎರಡನೆಯದು ‘ನೀವೇ ಮಾಡಿ, ಸಂಜೆಯೊಳಗೆ ತಿಳಿಸಿ’. ಮೂರನೆಯದು ‘ಕೇಳದೆ ಮಾಡಬೇಡಿ’. ರಿಯಾಯಿತಿಯನ್ನೇ ತೆಗೆದುಕೊಂಡರೆ, ಶೇ 3ರವರೆಗೆ ಮೊದಲ ಕಲಂ, ಶೇ 3ರಿಂದ 7ರವರೆಗೆ ಎರಡನೆಯದು, ಅದರಾಚೆ ಮೂರನೆಯದು. (ಅಂಕಿಗಳನ್ನು ನಿಮ್ಮ ಲಾಭಾಂಶ ನೋಡಿ ಹಾಕಿಕೊಳ್ಳಿ. ಸಿಗುವ ಲಾಭವೇ ಶೇ 10 ಇರುವ ಕೆಲಸದಲ್ಲಿ ಶೇ 7 ಬಿಟ್ಟುಕೊಟ್ಟರೆ ಗತಿಯೇನು?) ಎಲ್ಲವನ್ನೂ ಮೂರನೇ ಕಲಂಗೆ ತುಂಬಿಸುವ ಆಸೆ ಆಗುತ್ತದೆ. ಅಲ್ಲಿ ಆರೇಳಕ್ಕಿಂತ ಹೆಚ್ಚು ಸಾಲು ಬಂದರೆ ಹಾಳೆ ಹರಿದು ಮತ್ತೆ ಬರೆಯಿರಿ.

ನಿಯಮದ ಪಕ್ಕದಲ್ಲಿ ಕಾರಣವೂ ಇರಲಿ. ಆರ್ಟ್ ಪೇಪರ್ ಮೇಲೆ ಪುಟ ತುಂಬ ಗಾಢ ಬಣ್ಣ ಬರುವ ಕೆಲಸಕ್ಕೆ ನೀವು ಒಂದು ದಿನ ಜಾಸ್ತಿ ಹೇಳುತ್ತೀರಿ. ಯಾಕೆಂದು ಯಾರಿಗೂ ಬಾಯಿಬಿಟ್ಟು ಹೇಳಿರುವುದಿಲ್ಲ. ಶಾಯಿ ಆರುವ ಮೊದಲೇ ಹಾಳೆಗಳನ್ನು ಎತ್ತರಕ್ಕೆ ಪೇರಿಸಿದರೆ ಒಂದರ ಬಣ್ಣ ಮೇಲಿನ ಹಾಳೆಯ ಬೆನ್ನಿಗೆ ಹತ್ತುತ್ತದೆ, ಇಡೀ ಪೇರಿಕೆ ದಂಡ. ‘ಗಾಢ ಬಣ್ಣಕ್ಕೆ ಒಂದು ದಿನ ಹೆಚ್ಚು’ ಎಂದಷ್ಟೇ ಬರೆದಿಟ್ಟರೆ, ಅವಸರದ ಗಿರಾಕಿ ಬಂದ ದಿನವೇ ನಿಯಮ ಮುರಿದುಬೀಳುತ್ತದೆ. ಕಾರಣ ಗೊತ್ತಿದ್ದವರು ಬೇರೆ ದಾರಿ ಹುಡುಕುತ್ತಾರೆ: ಪೇರಿಕೆಯನ್ನು ಗಿಡ್ಡ ಮಾಡುತ್ತಾರೆ, ಇಲ್ಲವೇ ಆ ಕೆಲಸವನ್ನು ಹಿಂದಿನ ಸಂಜೆಯೇ ಮೆಷಿನ್‌ಗೆ ಹಾಕುತ್ತಾರೆ.

ಹಾಳೆ ಗೋಡೆಗೇರಿದ ಮರುದಿನವೂ ‘ಸರ್’ ಎನ್ನುತ್ತ ಬರುತ್ತಾರೆ. ಉತ್ತರ ಕೊಡಬೇಡಿ. ‘ಇದು ಯಾವ ಕಲಂ? ನಿಮಗೇನು ಅನ್ನಿಸುತ್ತೆ?’ ಎಂದು ಕೇಳಿ ಸುಮ್ಮನಾಗಿ. ನೀವೇ ಹೇಳುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಪ್ರಶ್ನೆ: ‘ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ’ ಅನ್ನುವುದು ಸುಳ್ಳಲ್ಲ. ಬಿಲ್ಲಿಂಗ್ ಒಬ್ಬರಿಗೆ ಒಪ್ಪಿಸಿ ಎರಡು ತಿಂಗಳಾಯಿತು. ತಪ್ಪಾದ ಬಿಲ್‌ಗಳನ್ನು ರಾತ್ರಿ ಕೂತು ನಾನೇ ತಿದ್ದುತ್ತೇನೆ. ಹೇಳಿ ಯಾಕೆ ಬೇಜಾರು ಮಾಡುವುದು ಅಂತ ಸುಮ್ಮನಿದ್ದೇನೆ.

ಆಳಿಗೆ ಕಲಿಸಿದವರು ಯಾರು ಎಂಬ ಮಾತನ್ನು ಗಾದೆ ಎತ್ತುವುದೇ ಇಲ್ಲ. ನೀವು ಗುಟ್ಟಾಗಿ ತಿದ್ದುತ್ತಿರುವುದರಿಂದ ಅವರ ಲೆಕ್ಕದಲ್ಲಿ ಎರಡು ತಿಂಗಳಿಂದ ಬಿಲ್‌ಗಳು ಸರಿಯಾಗಿಯೇ ಹೋಗುತ್ತಿವೆ. ಇವತ್ತಿನಿಂದ ತಿದ್ದುವುದು ಬಿಡಿ. ತಪ್ಪಿದ್ದಲ್ಲಿ ಗುರುತು ಹಾಕಿ ವಾಪಸ್ ಕೊಟ್ಟು ಅವರಿಂದಲೇ ಸರಿಮಾಡಿಸಿ, ಅದೂ ಅದೇ ದಿನ. ವಾರದ ನಂತರ ಹೇಳಿದರೆ ಬೈಗುಳವಾಗಿ ಕೇಳಿಸುತ್ತದೆ.

ಪ್ರತಿ ತಪ್ಪಿಗೂ ಒಂದು ಪ್ರಶ್ನೆ ಹಾಕಿಕೊಳ್ಳಿ: ಇದನ್ನು ಅವರಿಗೆ ಹೇಳಲಾಗಿತ್ತೇ? ಹಳೇ ಗಿರಾಕಿಗೆ ಬೇರೆ ದರ ಎನ್ನುವುದು ನಿಮ್ಮ ತಲೆಯಲ್ಲಷ್ಟೇ ಇದ್ದರೆ ತಪ್ಪು ನಿಮ್ಮದು, ದರಪಟ್ಟಿಯನ್ನು ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಹಾಕಿಸಿ. ಹೇಳಿದ್ದರೂ ಕೈ ಹಿಡಿದಿಲ್ಲ ಎಂದರೆ ಮತ್ತೆ ಕಲಿಸಬೇಕು. ಗೊತ್ತಿದ್ದೂ ಉದಾಸೀನ ಎಂದಾದರೆ ಅದು ಬೇರೆಯೇ ಮಾತುಕತೆ. ಮಾಲೀಕರು ಮೂರನ್ನೂ ‘ಉದಾಸೀನ’ದ ಲೆಕ್ಕಕ್ಕೇ ಬರೆದುಬಿಡುತ್ತಾರೆ.

ಕಲಿಸುವುದಕ್ಕೆ ಹಳೆಯದೊಂದು ಕ್ರಮ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಿಂದ 1945ರವರೆಗೆ, ಅಮೆರಿಕದ ಕಾರ್ಖಾನೆಗಳಲ್ಲಿ ಹೊಸ ಕೆಲಸಗಾರರನ್ನು ಬೇಗ ತಯಾರು ಮಾಡಲು ನಡೆಸಿದ ತರಬೇತಿಯಲ್ಲಿ ಇದು ರೂಢಿಗೆ ಬಂತು. ನಾಲ್ಕೇ ಹೆಜ್ಜೆ: ಕಲಿಯುವವರನ್ನು ಅಣಿಗೊಳಿಸುವುದು, ಮಾಡಿ ತೋರಿಸುವುದು, ಅವರಿಂದ ಮಾಡಿಸುವುದು, ಆಮೇಲೆ ಆಗಾಗ ಬಂದು ನೋಡುವುದು. ಮೂರನೇ ಹೆಜ್ಜೆಯಲ್ಲಿ ಅವರು ಕೈಯಿಂದ ಮಾಡುತ್ತಲೇ ಬಾಯಲ್ಲಿ ‘ಈಗ ಇದನ್ನು ಯಾಕೆ ಮಾಡುತ್ತಿದ್ದೇನೆ’ ಎಂದು ಹೇಳಬೇಕು. ಅರ್ಥವಾಗದೆ ತಲೆಯಾಡಿಸಿದ್ದು ಅಲ್ಲೇ ಹೊರಬೀಳುತ್ತದೆ. ಬಹಳ ಜನ ಎರಡನೇ ಹೆಜ್ಜೆಗೇ ‘ಗೊತ್ತಾಯ್ತಲ್ಲ?’ ಎಂದು ಎದ್ದುಹೋಗುತ್ತಾರೆ.

ತಪಾಸಣೆಯನ್ನು ಮೆಲ್ಲಗೆ ಸಡಿಲಿಸಿ. ಮೊದಲ 20 ಬಿಲ್ ಪೂರ್ತಿ, ಮುಂದಿನ 30ರಲ್ಲಿ ಮೂರಕ್ಕೊಂದು, ಆಮೇಲೆ ಹತ್ತಕ್ಕೊಂದು. ಹತ್ತಕ್ಕೊಂದರಲ್ಲಿ ತಪ್ಪು ಸಿಕ್ಕರೆ ಮತ್ತೆ ಮೂರಕ್ಕೊಂದಕ್ಕೆ ಇಳಿಯಿರಿ.

ಪ್ರಶ್ನೆ: ಸಗಟು ವ್ಯಾಪಾರ ನಮ್ಮದು. ಖರೀದಿ, ಪಾವತಿ, ವಸೂಲಿ ಇವುಗಳನ್ನು ಮಾತ್ರ ಯಾರ ಕೈಗೂ ಕೊಡಲು ಧೈರ್ಯ ಬರುತ್ತಿಲ್ಲ. ಮೋಸ ಆದರೆ?

ನಂಬಿಕೆ ಒಂದನ್ನೇ ನೆಚ್ಚಿ ಕೊಡುವುದಾದರೆ ನಿಮ್ಮ ಭಯ ಸರಿ. ಏರ್ಪಾಟು ಮಾಡಿ ಕೊಡಿ. ಬ್ಯಾಂಕಿನಲ್ಲಿ ಒಬ್ಬರು ನಮೂದಿಸಿದ್ದನ್ನು ಇನ್ನೊಬ್ಬರು ನೋಡಿ ಒಪ್ಪುವ ಪದ್ಧತಿ ಇದೆಯಲ್ಲ, ಅದೇ ಇಲ್ಲಿಗೂ.

ಆರ್ಡರ್ ಕೊಡುವವರು, ಸರಕು ಇಳಿಸಿಕೊಳ್ಳುವವರು, ಹಣ ಕೊಡುವವರು ಮೂರು ಬೇರೆ ಜನ ಆಗಿರಬೇಕು. ಅಷ್ಟು ಜನ ಇಲ್ಲದಿದ್ದರೆ ಕೊನೆಯದು ನಿಮ್ಮ ಬಳಿ ಇರಲಿ. ಪಾವತಿಗೆ ಮುನ್ನ ಮೂರು ಕಾಗದ ಒಂದಕ್ಕೊಂದು ತಾಳೆಯಾಗಬೇಕು: ಆರ್ಡರ್ ಪ್ರತಿ, ಸರಕು ಬಂದ ಚೀಟಿ, ಸರಬರಾಜುದಾರರ ಬಿಲ್. 100 ಪೆಟ್ಟಿಗೆಗೆ ಆರ್ಡರ್ ಕೊಟ್ಟಿದ್ದೀರಿ, ಇಳಿದಿದ್ದು 96, ಬಿಲ್ ಬಂದಿದ್ದು 100ಕ್ಕೆ. ಆ ಬಿಲ್ ಅಲ್ಲೇ ನಿಲ್ಲಬೇಕು. ಗೋದಾಮಿನವರಿಗೆ ಕೊಡುವ ಪ್ರತಿಯಲ್ಲಿ ಎಷ್ಟು ಬರಬೇಕು ಎಂಬ ಅಂಕಣವನ್ನು ಖಾಲಿ ಬಿಡಿ. ಅಂಕಿ ಕಣ್ಣಮುಂದೆ ಇದ್ದರೆ ಎಣಿಸದೆ ಅದನ್ನೇ ಬರೆಯುತ್ತಾರೆ, ಖಾಲಿ ಇದ್ದರೆ ಎಣಿಸಲೇಬೇಕಾಗುತ್ತದೆ.

ನಿಮ್ಮ ಪಾಸ್‌ವರ್ಡ್, ಓಟಿಪಿ ಹೇಳುವುದು, ಸಹಿ ಹಾಕಿದ ಖಾಲಿ ಚೆಕ್ ಇಟ್ಟುಹೋಗುವುದು ಇವೆಲ್ಲ ಬೇಡವೇ ಬೇಡ. ಉದ್ಯಮದ ಖಾತೆಗೆ ಬೇರೆ ಬೇರೆ ಬಳಕೆದಾರರನ್ನು ಸೇರಿಸುವ ಸೌಲಭ್ಯ ಇದ್ದರೆ ಅವರಿಗೆ ನಮೂದಿಸುವ ಹಕ್ಕು, ನಿಮಗೆ ಒಪ್ಪುವ ಹಕ್ಕು. ಸರಬರಾಜುದಾರರ ಖಾತೆ ಸಂಖ್ಯೆ ಬದಲಾಗಿದೆ ಎಂದು ಪತ್ರವೋ ಇಮೇಲೋ ಬಂದರೆ, ಅದರಲ್ಲಿರುವ ನಂಬರ್‌ಗೆ ಕರೆ ಮಾಡದೆ ನಿಮ್ಮಲ್ಲಿ ಮೊದಲಿನಿಂದ ಇರುವ ನಂಬರ್‌ಗೆ ಕರೆ ಮಾಡಿ ವಿಚಾರಿಸುವುದು ಕಡ್ಡಾಯ.

ವಸೂಲಿಯಲ್ಲಿ ನಡೆಯುವ ಒಂದು ಕೈಚಳಕ ತಿಳಿದಿರಲಿ. ‘ಅ’ ಎಂಬ ಗಿರಾಕಿ ಕೊಟ್ಟ ಹಣವನ್ನು ಜೇಬಿಗಿಳಿಸಿ, ಮುಂದಿನ ವಾರ ‘ಆ’ ಕೊಟ್ಟದ್ದನ್ನು ‘ಅ’ ಖಾತೆಗೆ ಜಮಾ ಮಾಡುತ್ತಾರೆ. ‘ಆ’ ಖಾತೆಗೆ ‘ಇ’ ಕೊಟ್ಟದ್ದು. ಯಾರ ಬಾಕಿಯೂ ತೀರಾ ಹಳೆಯದಾಗಿ ಕಾಣುವುದಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಈ ಸರಪಳಿ ನಡೆಸಲು ದಿನವೂ ಹಾಜರಿರಬೇಕು. ಹಣ ಮುಟ್ಟುವವರೆಲ್ಲ ವರ್ಷಕ್ಕೊಮ್ಮೆ ಕನಿಷ್ಠ ಒಂದು ವಾರ ಸತತ ರಜೆ ತೆಗೆದುಕೊಳ್ಳಲೇಬೇಕು, ಆ ವಾರ ಅವರ ಕೆಲಸ ಬೇರೆಯವರು ಮಾಡಬೇಕು ಎಂಬ ನಿಯಮ ಇರುವುದು ಅದಕ್ಕೇ. ಜೊತೆಗೆ ಮೂರು ತಿಂಗಳಿಗೊಮ್ಮೆ ನಾಲ್ಕೈದು ಗಿರಾಕಿಗಳಿಗೆ ನೀವೇ ಬಾಕಿ ಪಟ್ಟಿ ಕಳಿಸಿ ಸರಿಯೇ ಎಂದು ಕೇಳಿ. ಬ್ಯಾಂಕ್ ಸ್ಟೇಟ್‌ಮೆಂಟ್ ನೇರವಾಗಿ ನಿಮಗೇ ಬರಲಿ.

ಪ್ರಶ್ನೆ: ಮ್ಯಾನೇಜರ್ ಇದ್ದಾರೆ. ಹಳೇ ಗಿರಾಕಿಗಳು ಮಾತ್ರ ‘ನಿಮ್ಮ ಹತ್ತಿರವೇ ಮಾತಾಡಬೇಕು’ ಎನ್ನುತ್ತಾರೆ.

ನಿಮ್ಮ ಹತ್ತಿರ ಬಂದರೆ ಲಾಭ ಇದೆ ಎಂದು ಅವರಿಗೆ ಕಲಿಸಿದ್ದು ನೀವೇ. ಮ್ಯಾನೇಜರ್ ಶೇ 4 ಅಂದರು, ಗಿರಾಕಿ ನಿಮಗೆ ಫೋನ್ ಮಾಡಿದರು, ನೀವು ಶೇ 6 ಕೊಟ್ಟಿರಿ. ಅಲ್ಲಿಗೆ ಮ್ಯಾನೇಜರ್ ಮಾತಿಗೆ ಬೆಲೆ ಹೋಯಿತು. ಅವರು ಹೇಳಿದ್ದು ಕಡಿಮೆ ಅನ್ನಿಸಿದರೂ ಗಿರಾಕಿಗೆ ಅದೇ ಮಾತು ಹೇಳಿ, ತಕರಾರು ಇದ್ದರೆ ಆಮೇಲೆ ಮ್ಯಾನೇಜರ್ ಜೊತೆ ಒಳಗೆ ಮಾತಾಡಿ. ದೊಡ್ಡ ಗಿರಾಕಿಗಳನ್ನು ಮೂರು ಭೇಟಿಯಲ್ಲಿ ದಾಟಿಸಿ: ಮೊದಲನೆಯದರಲ್ಲಿ ನೀವು ಮಾತಾಡಿ, ಮ್ಯಾನೇಜರ್ ಬರೆದುಕೊಳ್ಳಲಿ. ಎರಡನೆಯದರಲ್ಲಿ ಅವರು ಮಾತಾಡಲಿ, ನೀವು ಪಕ್ಕದಲ್ಲಿರಿ. ಮೂರನೆಯದಕ್ಕೆ ಹೋಗಬೇಡಿ.

ಪ್ರಶ್ನೆ: ನೇರವಾಗಿ ನನ್ನ ಕೈಕೆಳಗೆ ಎಷ್ಟು ಜನ ಇರಬಹುದು?

ಐದಾರು. 1933ರಲ್ಲಿ ವಿ. ಎ. ಗ್ರೈಕುನಾಸ್ ಎಂಬ ಆಡಳಿತ ಸಲಹೆಗಾರ ಒಂದು ಲೆಕ್ಕ ಹಾಕಿದ್ದರು. ಮೇಲಿನವರಿಗೆ ಒಬ್ಬೊಬ್ಬರ ಜೊತೆಗಿನ ಸಂಬಂಧ, ಗುಂಪಿನ ಜೊತೆಗಿನದು, ಅವರವರ ನಡುವಿನದು ಎಲ್ಲ ಸೇರಿಸಿದರೆ ನಾಲ್ವರಿಗೆ 44, ಐವರಿಗೆ 100, ಆರು ಜನರಿಗೆ 222. ಇಷ್ಟೂ ದಿನಾ ಎದುರಾಗುವುದಿಲ್ಲ, ಲೆಕ್ಕವನ್ನು ಅಕ್ಷರಶಃ ಹಿಡಿಯಬೇಕಿಲ್ಲ. ಒಬ್ಬರನ್ನು ಸೇರಿಸಿದರೆ ಗೋಜಲು ಎಷ್ಟು ಏರುತ್ತದೆ ಎಂಬುದಕ್ಕೆ ಸಾಕು. ಒಂದೇ ತರಹದ ಕೆಲಸ ಮಾಡುವವರಾದರೆ ಇನ್ನೂ ಕೆಲವರು ನಡೆಯುತ್ತಾರೆ.

ಪ್ರಶ್ನೆ: ಎಲ್ಲ ವಹಿಸಿದೆ. ಈಗ ಕೈ ಖಾಲಿ. ಹೊತ್ತು ಹೋಗದೆ ಮತ್ತೆ ಹೋಗಿ ಎಲ್ಲದರಲ್ಲೂ ತಲೆ ಹಾಕುತ್ತಿದ್ದೇನೆ, ಸಿಬ್ಬಂದಿ ಮುಖ ಸಿಂಡರಿಸುತ್ತಾರೆ. ನನ್ನ ಕೆಲಸ ಈಗ ಏನು?

ಸಿಬ್ಬಂದಿಗೆಲ್ಲ ಕೆಲಸದ ವಿವರ ಬರೆದುಕೊಟ್ಟಿರಿ, ನಿಮಗೆ ಬರೆದುಕೊಳ್ಳಲಿಲ್ಲ. ಅರ್ಧ ಪುಟ ಸಾಕು. ಬೆಲೆಯ ನೀತಿ, ಮುಖ್ಯ ಜಾಗಗಳಿಗೆ ಜನರ ಆಯ್ಕೆ, ಯಾವ ಸರಕನ್ನು ಕೈಬಿಡಬೇಕು, ಹೊಸ ಯಂತ್ರಕ್ಕೆ ಸಾಲ ಮಾಡಬೇಕೇ, ಮುಂದಿನ ಮೂರು ತಿಂಗಳ ಹಣ. ಇವು ನಿಮ್ಮವೇ.

ಕೊನೆಯದರಿಂದ ಶುರು ಮಾಡಿ. 13 ವಾರಗಳ ನಗದು ಪಟ್ಟಿ ಮಾಡಿಕೊಳ್ಳಿ, ವಾರಕ್ಕೊಂದು ಅಂಕಣ. ಮೇಲೆ ವಾರದ ಮೊದಲಿಗೆ ಬ್ಯಾಂಕ್ ಖಾತೆಯಲ್ಲಿರುವ ಹಣ, ಕೆಳಗೆ ಬರುವ ಹಣ, ಅದರ ಕೆಳಗೆ ಸಂಬಳ, ಬಾಡಿಗೆ, ತೆರಿಗೆ, ಸಾಲದ ಕಂತು, ಸರಬರಾಜುದಾರರ ಬಿಲ್, ಕೊನೆಗೆ ಉಳಿಯುವುದು. ಬರುವ ಹಣವನ್ನು ಬಿಲ್‌ನಲ್ಲಿರುವ ಗಡುವಿನ ವಾರಕ್ಕೆ ಬರೆಯಬೇಡಿ. 30 ದಿನ ಎಂದು ಹೇಳಿ ಸದಾ 50 ದಿನಕ್ಕೆ ಕೊಡುವವರ ಹಣವನ್ನು 50ನೇ ದಿನಕ್ಕೇ ಬರೆಯಿರಿ, ಈ ಪಟ್ಟಿ ಸುಳ್ಳಾಗುವುದು ಅಲ್ಲೇ. ಪ್ರತಿ ಸೋಮವಾರ ಮುಗಿದ ವಾರ ತೆಗೆದು ಹೊಸದೊಂದನ್ನು ಸೇರಿಸಿ. ಒಂಬತ್ತನೇ ವಾರದ ಉಳಿಕೆ ಸೊನ್ನೆಗಿಂತ ಕೆಳಗಿದ್ದರೆ, ವಸೂಲಿ ಚುರುಕು ಮಾಡಲು ನಿಮಗೆ ಎಂಟು ವಾರ ಇವೆ.

ಉಳಿದದ್ದಕ್ಕೆ ವಾರಕ್ಕೊಮ್ಮೆ 45 ನಿಮಿಷದ ಸಭೆ, ಒಂದು ಹಾಳೆಯಲ್ಲಿ ಆರು ಅಂಕಿ: ಬಂದ ಆರ್ಡರ್, ಹೊತ್ತಿಗೆ ತಲುಪಿಸಿದ್ದು, ವಾಪಸ್ ಬಂದದ್ದು, ಗಡುವು ಮೀರಿದ ಬಾಕಿ, ಸ್ಟಾಕ್, ಗೈರುಹಾಜರಿ. ಅಂಕಿಗಳನ್ನು ಹೇಳಬೇಕಾದವರು ಆಯಾ ಹೊಣೆ ಹೊತ್ತವರು. ಸಭೆಯ ನಡುವೆ ಏನಾದರೂ ತಲೆಗೆ ಹೊಳೆದರೆ, ಅಲ್ಲೇ ಅಪ್ಪಣೆ ಕೊಡದೆ ಬರೆದಿಟ್ಟುಕೊಳ್ಳಿ. ಮರುದಿನಕ್ಕೆ ಅದರಲ್ಲಿ ಅರ್ಧ ನಿಮಗೇ ಬೇಡ ಅನ್ನಿಸಬಹುದು.

ಆಮೇಲೆ ಎರಡು ದಿನ ಬರಬೇಡಿ, ಫೋನೂ ಎತ್ತಬೇಡಿ. ಬೆಂಕಿ, ಗಾಯ, ಪೊಲೀಸ್ ಈ ಮೂರಕ್ಕೆ ಮಾತ್ರ ಒಂದು ಬೇರೆ ನಂಬರ್ ಕೊಟ್ಟಿರಿ. ವಾಪಸ್ ಬಂದ ಬೆಳಿಗ್ಗೆ ‘ಏನೇನಾಯಿತು’ ಎಂದು ಕೇಳುವ ಬದಲು ‘ನನಗಾಗಿ ಕಾದು ನಿಂತ ಕೆಲಸ ಯಾವುವು’ ಎಂದು ಕೇಳಿ. ಆ ಪಟ್ಟಿಯಲ್ಲಿರುವ ಒಂದೊಂದಕ್ಕೂ ಮಿತಿ ಬರೆದು, ಮೊದಲ ಉತ್ತರದಲ್ಲಿ ಹೇಳಿದ ಮೂರು ಕಲಂ ಹಾಳೆಯಲ್ಲಿ ಮೊದಲನೆಯ ಅಥವಾ ಎರಡನೆಯ ಕಲಂಗೆ ಸರಿಸಿ, ಮುಂದಿನ ತಿಂಗಳು ಐದು ದಿನ ಹೋಗಿ ಬನ್ನಿ.