ಅಕ್ಕನ ಶುಗರ್ ಮಾತ್ರೆ ನನ್ನ ಮುಪ್ಪು ತಡೆದೀತೇ?

ಪ್ರಶ್ನೆ: ನನಗೆ 56 ವರ್ಷ. ಶುಗರ್ ಇಲ್ಲ, ಬಿಪಿ ಇಲ್ಲ. ದಿನಾ ವಾಕಿಂಗ್ ಮಾಡುತ್ತೇನೆ, ವಾರಕ್ಕೆ ಮೂರು ದಿನ ಜಿಮ್‌ಗೂ ಹೋಗುತ್ತೇನೆ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ತೆಗೆದುಕೊಂಡರೆ ಬೇಗ ಮುಪ್ಪು ಬರುವುದಿಲ್ಲ ಎಂದು ಒಂದು ವಿಡಿಯೊದಲ್ಲಿ ಕೇಳಿದೆ. ನಮ್ಮಕ್ಕ ಹತ್ತು ವರ್ಷದಿಂದ ಅದೇ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಅವಳ ಸ್ಟ್ರಿಪ್‌ನಿಂದಲೇ ದಿನಕ್ಕೊಂದು 500 ಎಂಜಿ ಮಾತ್ರೆ ನುಂಗಲು ಶುರು ಮಾಡಿ ಎರಡು ವಾರವಾಯಿತು. ಹೊಟ್ಟೆ ಮಾತ್ರ ಸರಿಯಿಲ್ಲ, ಬಾಯಲ್ಲಿ ಕಬ್ಬಿಣ ನೆಕ್ಕಿದ ಹಾಗೆ ರುಚಿ. ಮುಂದುವರಿಸಲೇ ಡಾಕ್ಟರೇ?

ಉತ್ತರ: ಬೇಡ, ಇವತ್ತೇ ನಿಲ್ಲಿಸಿ. ನಿಮಗೆ ಶುಗರ್ ಇಲ್ಲ, ಹಾಗಾಗಿ ದಿಢೀರನೆ ಬಿಟ್ಟರೂ ತೊಂದರೆಯಿಲ್ಲ. ನಿಮ್ಮ ಅಕ್ಕ ಮಾತ್ರ ಹಾಗೆಲ್ಲ ಬಿಡುವಂತಿಲ್ಲ. ಈಗಾಗಲೇ ಅವರ ಹದಿನಾಲ್ಕು ಮಾತ್ರೆ ಖಾಲಿ ಮಾಡಿದ್ದೀರಿ. ಅವರಿಗೆ ಕಮ್ಮಿ ಬೀಳುವ ಮೊದಲು ಹೇಳಿಬಿಡಿ.

ಹೊಟ್ಟೆ ಕೆಡುವುದು, ಬಾಯಲ್ಲಿ ಲೋಹದ ರುಚಿ ಬರುವುದು ಈ ಮಾತ್ರೆಯ ಹಳೇ ಚಾಳಿ. ಅದಕ್ಕೇ ನಾವು ಶುಗರ್ ಇರುವವರಿಗೂ ಕಡಿಮೆ ಡೋಸ್‌ನಲ್ಲಿ ಶುರು ಮಾಡಿ, ಊಟದ ಜೊತೆ ಕೊಟ್ಟು, ನಿಧಾನವಾಗಿ ಏರಿಸುತ್ತೇವೆ.

ವಿಡಿಯೊದವರು ಪೂರ್ತಿ ಸುಳ್ಳು ಹೇಳಿಲ್ಲ. ಅರ್ಧ ಕಥೆ ಹೇಳಿ ಎದ್ದುಹೋಗಿದ್ದಾರೆ, ಅಷ್ಟೇ. ಇದೇನು ಹೊಸ ಔಷಧಿಯಲ್ಲ. 1922ರಲ್ಲೇ ಲ್ಯಾಬ್‌ನಲ್ಲಿ ತಯಾರಾಗಿತ್ತು. ಫ್ರಾನ್ಸಿನ ವೈದ್ಯ ಝಾನ್ ಸ್ಟರ್ನ್ ಅದನ್ನು ಶುಗರ್ ರೋಗಿಗಳಿಗೆ ಕೊಟ್ಟು 1957ರಲ್ಲಿ ವರದಿ ಬರೆದರು. ಶುಗರ್ ಇರುವವರಲ್ಲಿ ಲಿವರ್ ಬೇಡದ ಹೊತ್ತಲ್ಲೂ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತದೆ. ಅದಕ್ಕೆ ಕಡಿವಾಣ ಹಾಕುವುದು ಇದರ ಮುಖ್ಯ ಕೆಲಸ. 1998ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದರ ಫಲಿತಾಂಶ ಬಂತು. ತೂಕ ಜಾಸ್ತಿ ಇದ್ದ ಶುಗರ್ ರೋಗಿಗಳಲ್ಲಿ, ಬರೀ ಪಥ್ಯದಲ್ಲಿದ್ದವರಿಗಿಂತ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಸಾವು ಶೇ 36ರಷ್ಟು ಕಡಿಮೆ ಇತ್ತು. ಸಣ್ಣ ಮಾತಲ್ಲ ಅದು. ಆದರೆ ಅವರೆಲ್ಲ ಶುಗರ್ ಇದ್ದವರು ಅನ್ನುವುದನ್ನು ಮರೆಯಬೇಡಿ.

ಗಾಳಿಸುದ್ದಿಗೆ ರೆಕ್ಕೆ ಬಂದದ್ದು 2014ರಲ್ಲಿ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವ ಶುಗರ್ ರೋಗಿಗಳು ಶುಗರ್ ಇಲ್ಲದವರಿಗಿಂತಲೂ ತುಸು ಹೆಚ್ಚು ಬದುಕಿದ್ದಾರೆ ಎಂದು ಬ್ರಿಟನ್ನಿನ ಇನ್ನೊಂದು ಅಧ್ಯಯನ ಹೇಳಿತು. ಕೇಳಿದವರೆಲ್ಲ ಬೆರಗಾದರು. ನಾನೂ ಆದೆ. ಆಮೇಲೆ ಲೆಕ್ಕ ಹಾಕಿದ ರೀತಿ ನೋಡಿದರೆ ಅಲ್ಲೊಂದು ತೂತು. ಶುಗರ್ ಕೈಮೀರಿ ಬೇರೆ ಔಷಧಿಗೆ ಹೋದವರ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಿದ್ದರು. ಉಳಿದವರು ಯಾರು? ಒಂದೇ ಮಾತ್ರೆಯಲ್ಲಿ ಸುಧಾರಿಸಿಕೊಂಡು ಹೋಗುತ್ತಿದ್ದ ಗಟ್ಟಿಗರು. 2022ರಲ್ಲಿ ಡೆನ್ಮಾರ್ಕಿನವರು ಅವಳಿಗಳನ್ನೂ ಸೇರಿಸಿಕೊಂಡು ಮತ್ತೆ ಲೆಕ್ಕ ಹಾಕಿದಾಗ ಆ ಲಾಭ ಕಾಣಲಿಲ್ಲ.

ಪ್ರಾಣಿಗಳ ಕಥೆಯೂ ಹೀಗೇ ಗೋಜಲು. 2013ರ ಒಂದು ಪ್ರಯೋಗದಲ್ಲಿ ಆಹಾರದಲ್ಲಿ ಸ್ವಲ್ಪ ಮೆಟ್‌ಫಾರ್ಮಿನ್ ಬೆರೆಸಿದಾಗ ಗಂಡು ಇಲಿಗಳ ಆಯಸ್ಸು ಸುಮಾರು ಶೇ 6ರಷ್ಟು ಹೆಚ್ಚಿತು. ಅದರ ಹತ್ತು ಪಟ್ಟು ಬೆರೆಸಿದಾಗ ಆಯಸ್ಸೇ ಕಡಿಮೆಯಾಯಿತು! 2024ರಲ್ಲಿ ಚೀನಾದ ವಿಜ್ಞಾನಿಗಳು ವಯಸ್ಸಾದ ಗಂಡು ಮಂಗಗಳಿಗೆ 40 ತಿಂಗಳು ಕೊಟ್ಟು ನೋಡಿದರು. ಮಿದುಳಿನ ವಯಸ್ಸು ಸುಮಾರು ಆರು ವರ್ಷ ಕಡಿಮೆಯಾದಂತೆ ಕಂಡಿತು ಎಂದರು. ಕುತೂಹಲದ ವಿಷಯವೇ. ಆದರೆ ಮಂಗಗಳ ಸಂಖ್ಯೆ ಬಹಳ ಕಡಿಮೆ. ಅವು ಹೆಚ್ಚು ಕಾಲ ಬದುಕುತ್ತವೆಯೇ ಎಂದು ಆ ಪ್ರಯೋಗ ನೋಡಲಿಲ್ಲ.

ನನ್ನ ನಿಜವಾದ ತಕರಾರು ಬೇರೆ. ವಾರಕ್ಕೆ ಮೂರು ದಿನ ಜಿಮ್ ಅಂದಿರಲ್ಲ, ಅದರದ್ದು. 2019ರಲ್ಲಿ ಅಮೆರಿಕದಲ್ಲಿ 65 ದಾಟಿದ ಆರೋಗ್ಯವಂತರಿಗೆ 14 ವಾರ ತೂಕ ಎತ್ತಿಸಿದರು. ಕೆಲವರಿಗೆ ಮೆಟ್‌ಫಾರ್ಮಿನ್, ಉಳಿದವರಿಗೆ ನೋಡಲು ಅದೇ ಥರದ ಖಾಲಿ ಮಾತ್ರೆ. ಬೆವರು ಎಲ್ಲರೂ ಸುರಿಸಿದರು. ಸ್ನಾಯು ಜಾಸ್ತಿ ಬೆಳೆದದ್ದು ಖಾಲಿ ಮಾತ್ರೆಯವರಿಗೆ! ಅದೇ ವರ್ಷ ಇನ್ನೊಂದು ಪ್ರಯೋಗದಲ್ಲಿ ಅರವತ್ತರ ಆಸುಪಾಸಿನವರಿಗೆ 12 ವಾರ ಉಸಿರು ಏರುವಂಥ ವ್ಯಾಯಾಮ ಮಾಡಿಸಿದರು. ಅಲ್ಲೂ ಮೆಟ್‌ಫಾರ್ಮಿನ್ ತೆಗೆದುಕೊಂಡವರಿಗೆ ದಮ್ಮು ಹೆಚ್ಚಿದ್ದು ಕಡಿಮೆ, ಇನ್ಸುಲಿನ್ ಕೆಲಸ ಸುಧಾರಿಸಿದ್ದೂ ಕಡಿಮೆ.

ಯಾಕೆ ಹೀಗೆ? ನಮ್ಮ ಜೀವಕೋಶಗಳೊಳಗೆ ಶಕ್ತಿ ತಯಾರಿಸುವ ಪುಟ್ಟ ಕಾರ್ಖಾನೆಗಳಿವೆ, ಮೈಟೊಕಾಂಡ್ರಿಯ ಅಂತ. ವ್ಯಾಯಾಮ ಮಾಡಿದಾಗ ಅವುಗಳ ಮೇಲೆ ಒತ್ತಡ ಬಿದ್ದು, ಅವು ಇನ್ನಷ್ಟು ಗಟ್ಟಿಯಾಗುತ್ತವೆ. ಮೆಟ್‌ಫಾರ್ಮಿನ್ ಕೈ ಹಾಕುವುದೂ ಅಲ್ಲಿಗೇ, ಅವುಗಳ ವೇಗ ತಗ್ಗಿಸಲು. ಎರಡನೇ ಪ್ರಯೋಗದಲ್ಲಿ ಸ್ನಾಯುವಿನ ಚೂರು ತೆಗೆದು ನೋಡಿದಾಗ, ವ್ಯಾಯಾಮದಿಂದ ಮೈಟೊಕಾಂಡ್ರಿಯದಲ್ಲಿ ಆಗಬೇಕಿದ್ದ ಸುಧಾರಣೆ ಮಾತ್ರೆ ತೆಗೆದುಕೊಂಡವರಲ್ಲಿ ಆಗಿರಲಿಲ್ಲ. ಅಂದರೆ ಬೆಳಿಗ್ಗೆ ಜಿಮ್‌ನಲ್ಲಿ ಗಳಿಸಿದ್ದರಲ್ಲಿ ಒಂದು ಪಾಲನ್ನು ನೀವೇ ಮಾತ್ರೆ ನುಂಗಿ ಕಳೆಯುತ್ತಿರಬಹುದು. ಶುಗರ್ ಇರುವವರಿಗೆ ಈ ನಷ್ಟಕ್ಕಿಂತ ಲಾಭವೇ ದೊಡ್ಡದು. ನಿಮ್ಮ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡಲು ಸದ್ಯಕ್ಕೆ ಏನೂ ಇಲ್ಲ, ಅಲ್ವಾ?

ಹಾಗಾದರೆ ಆರೋಗ್ಯವಂತರ ಮೇಲೆ ಸರಿಯಾಗಿ ಪರೀಕ್ಷೆ ಮಾಡಿಲ್ಲವೇ ಎಂದು ಕೇಳಬಹುದು. ಅಮೆರಿಕದ ನಿರ್ ಬಾರ್ಜಿಲೈ ಎಂಬ ವಿಜ್ಞಾನಿ 65ರಿಂದ 79 ವಯಸ್ಸಿನ, ಶುಗರ್ ಇಲ್ಲದ 3,000 ಜನರ ಮೇಲೆ ಆರು ವರ್ಷ ನೋಡುವ ‘ಟೇಮ್’ ಎಂಬ ಪರೀಕ್ಷೆ ಯೋಜಿಸಿದ್ದಾರೆ. ಹಣ ಹೊಂದಿಸುವುದರಲ್ಲೇ ವರ್ಷಗಳು ಕಳೆದವು. ಪೇಟೆಂಟ್ ಮುಗಿದ ಅಗ್ಗದ ಮಾತ್ರೆ ಇದು, ಗೆದ್ದರೂ ಕಂಪನಿಗಳಿಗೆ ಲಾಭ ಇಲ್ಲ. ಆ ಫಲಿತಾಂಶ ಬಂದ ದಿನ ಇದೇ ಪ್ರಶ್ನೆ ಮತ್ತೆ ಕೇಳಿ, ಉತ್ತರ ಬದಲಾದರೂ ಬದಲಾದೀತು. ಅಲ್ಲಿಯವರೆಗೆ ಜಿಮ್ ಬಿಡಬೇಡಿ.

ಪ್ರಶ್ನೆ: ನನಗೆ 68. ಶುಗರ್‌ಗೆ 12 ವರ್ಷದಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದೇನೆ. ಮುಪ್ಪಿಗೂ ಒಳ್ಳೆಯದಾದರೆ ಡೋಸ್ ಸ್ವಲ್ಪ ಜಾಸ್ತಿ ಮಾಡಿಕೊಳ್ಳಬಹುದೇ? ಈಚೆಗೆ ಪಾದ ಜುಮ್ ಅನ್ನುತ್ತದೆ, ವಯಸ್ಸಿನದ್ದಿರಬೇಕು.

ಉತ್ತರ: ನೀವಾಗಿಯೇ ಒಂದು ಮಾತ್ರೆಯನ್ನೂ ಜಾಸ್ತಿ ಮಾಡಬೇಡಿ. ಪಾದ ಜುಮ್ ಅನ್ನುವುದನ್ನು ವಯಸ್ಸಿನ ಮೇಲೆ ಹೊರಿಸುವುದೂ ಬೇಡ. ಶುಗರ್‌ನಿಂದ ನರ ಸೊರಗಿದರೂ ಹೀಗಾಗುತ್ತದೆ, ಬಿ12 ಕಡಿಮೆಯಾದರೂ ಹೀಗೇ ಆಗುತ್ತದೆ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಇಳಿಯುವುದು ಮಾಮೂಲಿ. ಬೇಗ ಕಂಡುಹಿಡಿದರೆ ಮಾತ್ರೆ ಅಥವಾ ಇಂಜೆಕ್ಷನ್‌ನಲ್ಲಿ ಸರಿಪಡಿಸಬಹುದು. ಮುಂದಿನ ಸಲ ರಕ್ತ ಕೊಡುವಾಗ ಬಿ12 ಜೊತೆಗೆ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಮಾಡಿಸಿ. ಅದರಿಂದ ಲೆಕ್ಕ ಹಾಕುವ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗ) 30ಕ್ಕಿಂತ ಕೆಳಗಿದ್ದರೆ ಈ ಮಾತ್ರೆ ಕೊಡುವುದಿಲ್ಲ. ಡೈ ಹಾಕಿ ಸ್ಕ್ಯಾನ್ ಮಾಡುವಾಗ, ಆಪರೇಷನ್‌ಗೆ ಮುಂಚೆ, ವಾಂತಿ-ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದಾಗ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದೀರಿ ಎಂದು ಡಾಕ್ಟರಿಗೆ ಮರೆಯದೆ ಹೇಳಿ.