ವೇಗದ ಹುಡುಗನನ್ನು ಎಲ್ಲಿ ಆಡಿಸುವುದು?

ನಿಮ್ಮ ಕಾಸರಗೋಡಿನ ಕಾಲೇಜು ಫುಟ್‌ಬಾಲ್ ಟೀಮಿನ ಅತಿ ವೇಗದ ಹುಡುಗ ಸೆಂಟರ್ ಫಾರ್ವರ್ಡ್ (ಮುಂದಿನ ಸಾಲಿನ ನಡುವೆ) ಆಡುತ್ತಾ ಪ್ರತಿ ಸಲ ಆಫ್‌ಸೈಡ್ ಆಗುತ್ತಾನೆ, ಅಂದರೆ ಪಾಸ್ ಹೊಡೆಯುವ ಕ್ಷಣಕ್ಕೆ ಎದುರಾಳಿಯ ಡಿಫೆಂಡರ್‌ಗಳನ್ನು ದಾಟಿ ಗೋಲಿನ ಹತ್ತಿರ ಹೋಗಿರುತ್ತಾನೆ ಅಂದಿದ್ದೀರಿ. ಮೊದಲು ಅವನನ್ನು ವಿಂಗಿಗೆ (ಮೈದಾನದ ಅಂಚಿನ ಬದಿಗೆ) ಹಾಕಿ ನೋಡಿ ಮಾರಾಯ್ರೆ. ಇಬ್ಬರು ಡಿಫೆಂಡರ್‌ಗಳ ನಡುವೆ ಗೋಲಿಗೆ ಬೆನ್ನು ಹಾಕಿ ನಿಂತವನಿಗೆ ವೇಗ ಇದ್ದೂ ಪ್ರಯೋಜನ ಇಲ್ಲ.

ಆಫ್‌ಸೈಡಿನಲ್ಲಿ ತಪ್ಪು ಅವನೊಬ್ಬನದ್ದೇ ಅಲ್ಲ. ಪಾಸ್ ಕೊಡುವವ ಒಂದು ಟಚ್ ಹೆಚ್ಚು ತೆಗೆದುಕೊಂಡರೆ ಸಾಕು, ಇವನು ಡಿಫೆಂಡರ್‌ಗಳ ಸಾಲು ದಾಟಿಯಾಗಿರುತ್ತದೆ. ನೇರ ಓಡುವ ಬದಲು ಡಿಫೆಂಡರ್‌ಗಳ ಸಾಲಿಗೆ ಅಡ್ಡವಾಗಿ ಎರಡು ಮೂರು ಹೆಜ್ಜೆ ಓಡಲಿ. ಪಾಸ್ ಕೊಡುವವನ ಕಾಲು ಚೆಂಡಿಗೆ ತಾಗಿದ ಕ್ಷಣ ಒಳಗೆ ತಿರುಗಲಿ. ಚೆಂಡು ಅವನ ಕಾಲಿಗೆ ಬೇಡ, ಮುಂದಿನ ಖಾಲಿ ಜಾಗಕ್ಕೆ ಬೇಕು. ಮುರಕಲ್ಲಿನ ಗಟ್ಟಿ ಮೈದಾನವಾದರೆ ಎತ್ತಿ ಹೊಡೆಯಬೇಡಿ, ಪುಟಿದು ಹೊರಗೇ ಹೋಗುತ್ತದೆ. ಉರುಳಿಸಿ ಕೊಡಿ.

ಎದುರಾಳಿಗೆ ಕಾರ್ನರ್ ಸಿಕ್ಕಾಗ ಅವನನ್ನು ಹಿಂದೆ ಕರೆಯಲೇಬೇಡಿ. ಮಧ್ಯದ ಗೆರೆಗಿಂತ ಸ್ವಲ್ಪ ಈಚೆ, ನಿಮ್ಮ ಅರ್ಧದಲ್ಲೇ ನಿಲ್ಲಲಿ. ನಿಮ್ಮವರು ಚೆಂಡು ಹೊಡೆಯುವಾಗ ಅಲ್ಲಿದ್ದರೆ ಆಫ್‌ಸೈಡ್ ಇಲ್ಲ, ಅವನೊಬ್ಬನ ಭಯಕ್ಕೆ ಎದುರಾಳಿಗಳು ಇಬ್ಬರನ್ನು ಹಿಂದೆ ಬಿಡಬೇಕಾಗುತ್ತದೆ. ಥ್ರೋ-ಇನ್‌ನಿಂದ ನೇರ ಬಂದ ಚೆಂಡಿಗೂ ಆಫ್‌ಸೈಡ್ ಇಲ್ಲ, ಅದನ್ನೂ ಅಭ್ಯಾಸ ಮಾಡಿಸಿ.

ವಾರಕ್ಕೆರಡು ದಿನ 30 ಮೀಟರಿನ 6 ಓಟ ಸಾಕು, ನಡುವೆ 2 ನಿಮಿಷ ವಿಶ್ರಾಂತಿ. ಮ್ಯಾಚಿನ ಹಿಂದಿನ ದಿನ ಬೇಡ, ತೊಡೆಯ ಹಿಂಭಾಗದ ಸ್ನಾಯು ಎಳೆಯುತ್ತದೆ.