ಗಂಡ ವಾಪಸ್ ಬರ್ತಿದಾರೆ, ನಂಗ್ಯಾಕೆ ಭಯ?

ಪ್ರಶ್ನೆ: ಮದ್ವೆಯಾಗಿ 15 ವರ್ಷ, ಅದ್ರಲ್ಲಿ 12 ವರ್ಷ ಗಂಡ ಕುವೈತ್‌ನಲ್ಲೇ. ಮುಂದಿನ ತಿಂಗಳು ಕೆಲಸ ಬಿಟ್ಟು ಬರ್ತಿದಾರೆ. ಎಲ್ರಿಗೂ ಖುಷಿ, ನಂಗೆ ಮಾತ್ರ ಯಾರೋ ಗುರ್ತಿಲ್ಲದ ನೆಂಟರು ಬಂದು ಉಳ್ಕೊಳ್ತಾರೇನೋ ಅನ್ನೋ ಹಾಗಿದೆ. ತಂಗಿ ಬೇರೆ 'ನೀನು ಆ ಗ್ರೀಕ್ ಮಹಾಕಾವ್ಯ ಒಡಿಸ್ಸಿಯ ಪೆನೆಲೋಪಿ ಕಣೇ' ಅಂತ ಹೊಗಳ್ತಾಳೆ. ನಂದು ತಪ್ಪಾ?

ಉತ್ತರ: ತಪ್ಪೇನಿಲ್ಲ ಅಕ್ಕಾ. ನಿಮ್ ತಂಗಿ ಕಥೆನ ಅರ್ಧಕ್ಕೇ ಬಿಟ್ಟಿದಾರೆ ಅಷ್ಟೇ. ಯುದ್ಧಕ್ಕೆ ಹೋದ ಗಂಡ ಒಡಿಸ್ಯೂಸ್‌ಗೋಸ್ಕರ ಪೆನೆಲೋಪಿ 20 ವರ್ಷ ಕಾದಿದ್ದು ಎಲ್ರಿಗೂ ನೆನಪಿರುತ್ತೆ, ಮದ್ವೆಯಾಗು ಅಂತ ಮನೇಲಿ ಝಂಡಾ ಊರಿದ್ದ 108 ಗಂಡಸ್ರನ್ನ, ಮಾವನಿಗೆ ಹೊದಿಸೋ ಹೆಣದ ಬಟ್ಟೆ ನೇಯ್ತಿದೀನಿ ತಡೀರಿ ಅಂತ, ಹಗಲು ನೇಯ್ದು ರಾತ್ರಿ ಬಿಚ್ಚಿ 3 ವರ್ಷ ಏಮಾರಿಸಿದ್ದೂ ನೆನಪಿರುತ್ತೆ. ಗಂಡ ಬಂದ್ಮೇಲೆ ಏನ್ಮಾಡಿದ್ಲು?

ಓಡಿ ಹೋಗಿ ತಬ್ಕೊಳ್ಲಿಲ್ಲ. ಬೆಂಕಿ ಬೆಳಕಲ್ಲಿ ಎದುರುಗಡೆ ಗೋಡೆ ಹತ್ರ ಕೂತು ಸುಮ್ನೆ ನೋಡಿದ್ಲು. ಒಂದ್ಸಲ ಇವನೇ ಅನ್ಸುತ್ತೆ, ಭಿಕ್ಷುಕನ ವೇಷದ ಆ ಹರಕು ಬಟ್ಟೆ ನೋಡಿದ್ರೆ ಅಲ್ಲ ಅನ್ಸುತ್ತೆ. ನಿನ್ನ ಎದೆ ಕಲ್ಲಿಗಿಂತ ಗಟ್ಟಿ ಅಂತ ಮಗ ಟೆಲಿಮಾಕಸ್ ಬೈದ, ಜಗ್ಗಲಿಲ್ಲ. ಕೊನೆಗೆ ಅವನನ್ನ ಪರೀಕ್ಷೆ ಮಾಡೋಕೆ ಮನೆಯ ಮುದುಕಿ ದಾಸಿಗೆ 'ಇವ್ರ ಮಂಚ ಎತ್ತಿ ರೂಮಿನ ಹೊರಗೆ ಹಾಕು' ಅಂದ್ಲು ನೋಡಿ, ಒಡಿಸ್ಯೂಸ್‌ಗೆ ಸಿಟ್ಟು ನೆತ್ತಿಗೇರ್ತು, ಯಾಕಂದ್ರೆ ಆ ಮಂಚದ ಒಂದು ಕಾಲು ಬೇರು ಸಮೇತ ನೆಲದಲ್ಲಿರೋ ಆಲಿವ್ ಮರದ ಬೊಡ್ಡೆ, ಅವನೇ ಕೆತ್ತಿದ್ದು, ಅದನ್ನ ಕಡೀದೆ ಅಲ್ಲಾಡ್ಸೋಕಾಗಲ್ಲ. ಬೇರೆಯವ್ರಿಗೆ ಗೊತ್ತಿಲ್ಲದ ಗುಟ್ಟದು. ಆಗ್ಲೇ ಅವಳು ಅಳ್ತಾ ಓಡಿದ್ದು.

(ಆ ಮಹಾಶಯ ವಾಪಸ್ ಬರೋ ದಾರೀಲಿ ಕ್ಯಾಲಿಪ್ಸೊ ಅನ್ನೋ ದೇವತೆ ಹತ್ರ 7 ವರ್ಷ ಇದ್ದ, ಅವಳು ಬಿಡ್ಲಿಲ್ಲ ಅನ್ನೋಣ. ಸರ್ಸಿ ಅನ್ನೋ ಮಾಟಗಾತಿ ಹತ್ರ ಒಂದು ವರ್ಷ ಆರಾಮಾಗೇ ಇದ್ದ, ಊರು ನೆನಪಿಸಿದ್ದು ಸಂಗಡಿಗರು. ಅದ್ಕೇ 'ಪೆನೆಲೋಪಿ ಥರ' ಅನ್ನೋ ಹೊಗಳಿಕೆ ನಂಗೆ ಅಷ್ಟಕ್ಕಷ್ಟೇ.)

ಅದೇ ರಾತ್ರಿ ಅವನು ಇನ್ನೊಂದು ದೊಡ್ಡ ಪ್ರಯಾಣ ಬಾಕಿ ಇದೆ ಅಂತಾನೆ. ಹೇಗಿದ್ರೂ ಆಮೇಲೆ ಗೊತ್ತಾಗುತ್ತಲ್ಲ, ಈಗ್ಲೇ ಹೇಳು ಅಂತಾಳೆ ಅವಳು. ನೀವೂ ಅವ್ರು ಬರೋಕ್ ಮುಂಚೆ ಫೋನಲ್ಲೇ ಕೇಳ್ಬಿಡಿ, ಸೇವಿಂಗ್ಸ್ ಎಷ್ಟಿದೆ, ಮುಂದೇನು, ಮತ್ತೆ ಹೊರಡೋ ಪ್ಲಾನ್ ಇದೆಯಾ ಅಂತ. ಗ್ಯಾಸ್ ಬುಕ್ಕಿಂಗಿಂದ ಸ್ಕೂಲ್ ಫೀಸ್ ತನಕ ಇಷ್ಟು ವರ್ಷ ನೋಡ್ಕೊಂಡಿದ್ದು ನೀವು, ಅದೆಲ್ಲ ಮಾರನೇ ದಿನವೇ ಅವ್ರ ಕೈಗೆ ಹೋಗ್ಬೇಕಿಲ್ಲ ಅನ್ನೋದನ್ನೂ ಹೇಳಿ. ಸ್ವಲ್ಪ ದಿನ ಬೇರೆ ರೂಮಲ್ಲಿ ಮಲಗ್ಬೇಕು ಅನ್ಸಿದ್ರೂ ಹೇಳಿ, ಅತ್ತೆ ಏನಂದ್ಕೊಳ್ತಾರೋ ಅಂತ ನುಂಗ್ಕೋಬೇಡಿ.

ಮೊದಲ 3 ವರ್ಷ ಒಟ್ಟಿಗಿದ್ರಲ್ಲ, ಆಗ ಇಬ್ರೇ ಹೋಗ್ತಿದ್ದ ಹೋಟ್ಲೋ ಕೆರೆ ಏರಿಯೋ ಇದ್ರೆ ಬಂದ ವಾರ ಅಲ್ಲಿಗೆ ಹೋಗ್ಬನ್ನಿ, ಮಕ್ಕಳನ್ನ ಆ ಒಡಿಸ್ಸಿ ತಂಗಿ ಹತ್ರ ಬಿಟ್ಟು.